ಕಂಡರಾಗದ ಪತ್ರ

ನನ್ನನ್ನು ಕಂಡರೆ ಈ ಊರಿನಲ್ಲಿ ಯಾರಿಗೂ ಆಗುವುದಿಲ್ಲ. ಗೋಳು ಹೇಳಿಕೊಳ್ಳುತ್ತಿಲ್ಲ, ಯೋಗ್ಯತೆ ಹೇಳಿಕೊಳ್ಳುತ್ತಿದ್ದೇನೆ. ಮೂವತ್ತನಾಲ್ಕು ವರ್ಷ ಇಲ್ಲಿನ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದವಳು ನಾನು. ಇವತ್ತು ಮೀಸೆ ತಿರುವಿಕೊಂಡು ಓಡಾಡುವ ಗಂಡಸರೆಲ್ಲ ಒಂದು ಕಾಲದಲ್ಲಿ ನನ್ನೆದುರು ಚಡ್ಡಿ ಜಾರಿಸಿ ಕಿರುಚಿದವರೇ. ಹೆತ್ತವರು ಇಟ್ಟ ಹೆಸರು ಸುಗಂಧಿ. ಊರು ಇಟ್ಟದ್ದು ದಬ್ಬಣದ ಸಿಸ್ಟರ್. ಅಳುವ ಮಕ್ಕಳನ್ನು ಮುದ್ದು ಮಾಡುವ ಅಭ್ಯಾಸ ನನಗಿರಲಿಲ್ಲ. ಹಿಂದೆ ನಲವತ್ತು ಜನ ಸಾಲಿನಲ್ಲಿ ನಿಂತಿರುವಾಗ ಒಬ್ಬನ ಗಲ್ಲ ಹಿಡಿದುಕೊಂಡು ಕೂತರೆ ಔಷಧಿ ಕೆಡುತ್ತದೆ. ರಿಟೈರಾಗಿ ಒಂಬತ್ತು ವರ್ಷವಾಯಿತು. ಈಗಲೂ ನಾನು ಎದುರು ಬಂದರೆ ದೊಡ್ಡ ದೊಡ್ಡವರ ಕೈ ತಾನಾಗಿಯೇ ಹೋಗಿ ತೋಳು ಸವರಿಕೊಳ್ಳುತ್ತದೆ.

ನಮ್ಮೂರಿನ ಕೋರ್ಟಿನ ಪದ್ಧತಿ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಗೋಡೆಗೋ ಗಡಿಗೋ ಸಾಮಾನಿಗೋ ಸಿವಿಲ್ ದಾವೆ ಬಿದ್ದಾಗ ಮುನ್ಸೀಫರು ಕುರ್ಚಿ ಬಿಟ್ಟೆದ್ದು ಅಲ್ಲೆಲ್ಲ ಹೋಗಲಾಗುವುದಿಲ್ಲವಲ್ಲ, ತಮ್ಮ ಪರವಾಗಿ ಹೋಗಿ ನೋಡಿ ಅಳೆದು ವರದಿ ಕೊಡುವುದಕ್ಕೆ ಒಬ್ಬ ಕಮಿಷನರನ್ನು ನೇಮಿಸುತ್ತಾರೆ. ಇದು ಎಲ್ಲ ಊರಲ್ಲೂ ಇರುವುದೇ. ನಮ್ಮಲ್ಲಿ ಆ ಕಮಿಷನರು ಇಬ್ಬರು ಕಕ್ಷಿದಾರರಿಗೂ ಕಂಡರಾಗದವರಾಗಿರಬೇಕು. ವಾದಿಯನ್ನೂ ಪ್ರತಿವಾದಿಯನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಹೆಸರುಗಳ ಪಟ್ಟಿ ಕೊಡುತ್ತಾರೆ. ‘ಇವರು ಬೇಡ’ ಎಂದು ಇಬ್ಬರೂ ಹೊಡೆದು ಹಾಕಿದ ಹೆಸರು ಯಾವುದೋ ಅವರೇ ಕಮಿಷನರು. ಆಮೇಲೆ ‘ನಮಗೆ ಇವರನ್ನು ಕಂಡರೆ ಆಗುವುದಿಲ್ಲ’ ಎಂದು ಬರೆದ ಪತ್ರಕ್ಕೆ ಇಬ್ಬರೂ ಸಹಿ ಹಾಕಬೇಕು, ನೇಮಕದ ದಿನ ಒಂದು ಸಲ, ಕಮಿಷನರ ವರದಿಯನ್ನು ಕೋರ್ಟಿನಲ್ಲಿ ಓದಿದ ಮೇಲೆ ಪ್ರಮಾಣ ಮಾಡಿ ಇನ್ನೊಂದು ಸಲ. ಎರಡನೆಯ ಸಹಿ ಬೀಳಲಿಲ್ಲವೋ, ವರದಿ ರದ್ದು, ಜಗಳಕ್ಕೆ ಕಾರಣವಾದ ವಸ್ತು ಕೋರ್ಟಿನ ಉಗ್ರಾಣಕ್ಕೆ. ಆ ಉಗ್ರಾಣದಲ್ಲಿ ಒಂದು ತೂಗುಮಂಚ, ಮೂರು ಜೊತೆ ಬಾಗಿಲು, ಅರ್ಧ ಎತ್ತಿನ ಗಾಡಿ ಬಿದ್ದಿವೆ. ಒಳಗೆ ಹೋದದ್ದು ಹೊರಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಹಾಕಿದ ದಾವೆಯನ್ನು ವಾಪಸು ತೆಗೆದುಕೊಳ್ಳುವುದು, ರಾಜಿ ಮಾಡಿಕೊಳ್ಳುವುದು ನಮ್ಮ ಕೋರ್ಟಿನಲ್ಲಿ ಇಲ್ಲ.

ಊರು ಇದಕ್ಕೆ ಒಗ್ಗಿಕೊಂಡಿದೆ. ಯಾರಾದರೂ ಸುಮ್ಮಸುಮ್ಮನೆ ಕಾಲು ಕೆರೆದುಕೊಂಡು ಜಗಳಕ್ಕೆ ಬಂದರೆ ನಮ್ಮಲ್ಲಿ “ಏನಪ್ಪಾ, ದಾವೆ ಹಾಕೋನಿದೀಯಾ?” ಎಂದು ಕೇಳಿಬಿಡುತ್ತಾರೆ. ಸ್ಟುಡಿಯೋದ ಚಕ್ರಪಾಣಿಗೆ ಒಮ್ಮೆಯಾದರೂ ಕಮಿಷನರಾಗಬೇಕೆಂಬ ಹುಚ್ಚು. ಅದಕ್ಕೆಂದೇ ಎರಡು ವರ್ಷ ಮದುವೆ ಫೋಟೋಗಳಲ್ಲಿ ಬೀಗರ ತಲೆಗಳನ್ನೆಲ್ಲ ಕತ್ತರಿಸಿದ. ಆದರೂ ಜನ ಅವನನ್ನು ಬೈದರೇ ಹೊರತು ದ್ವೇಷಿಸಲಿಲ್ಲ. ಪಾಪ, ಅವನ ಮುಖವೇ ಅಂಥದ್ದು. ನಾನೋ, ಏನೂ ಪ್ರಯತ್ನ ಪಡದೆ ಹದಿನೇಳು ಸಲ ಕಮಿಷನರಾದವಳು. ವರದಿ ಓದಿದ ಮೇಲಂತೂ ಇಬ್ಬರೂ ಪೆನ್ನು ಕಿತ್ತುಕೊಂಡು ಸಹಿ ಹಾಕುತ್ತಿದ್ದರು. ಶಿರಸ್ತೇದಾರ ಅಶ್ವತ್ಥಯ್ಯ ಒಂದು ಸಲ, “ಸಿಸ್ಟರೇ, ನಿಮ್ಮಂಥವರು ಕೋರ್ಟಿಗೆ ಆಸ್ತಿ ಕಣ್ರೀ” ಎಂದಿದ್ದರು. ಅವರ ತೋಳಿಗೂ ನಾನೇ ಚುಚ್ಚಿದ್ದು.

ಹದಿನೆಂಟನೆಯದು ಒರಳುಕಲ್ಲಿನ ದಾವೆ. ವಾದಿ ಹೊನ್ನಾಜಮ್ಮ, ಪ್ರತಿವಾದಿ ಅವಳ ವಾರಗಿತ್ತಿ ನೀಲಾಂಬಿಕೆ. ಇಬ್ಬರೂ ಗಂಡಂದಿರನ್ನು ಕಳೆದುಕೊಂಡವರು, ಇಬ್ಬರೂ ಇಡ್ಲಿ ಮಾರಿ ಬದುಕುವವರು, ಹೊನ್ನಾಜಮ್ಮ ಮುಂದಿನ ಬೀದಿಗೆ, ನೀಲಾಂಬಿಕೆ ಹಿಂದಿನ ಬೀದಿಗೆ. ಹನ್ನೊಂದು ವರ್ಷದ ಹಿಂದೆ ಅಣ್ಣತಮ್ಮಂದಿರು ಪಾಲಾದಾಗ ಮನೆಯ ನಡುವೆ ಗೋಡೆ ಎದ್ದಿತು. ಅದು ನೆಟ್ಟಗೆ ಬಂದು, ಅಡುಗೆಮನೆಯ ನೆಲದಲ್ಲಿ ಅತ್ತೆ ಹೂಳಿಸಿದ್ದ ಒರಳಿನ ಮೇಲೆಯೇ ನಿಂತಿತು. ಕಲ್ಲು ಕೀಳುವುದಕ್ಕೆ ಆ ಮುದುಕಿ ಬಿಡಲಿಲ್ಲ. ಗಾರೆಯವನು ರುಬ್ಬುಗುಂಡು ಸುತ್ತುವಷ್ಟು ಒಂದು ಕಿಂಡಿ ಬಿಟ್ಟು ಮಿಕ್ಕದ್ದನ್ನು ಕಟ್ಟಿ ಹೋದ. ಅರ್ಧ ಒರಳು ಇವಳ ಕಡೆ, ಅರ್ಧ ಅವಳ ಕಡೆ. ಪಾಲಾದ ದಿನ ವಾರಗಿತ್ತಿಯರ ನಡುವೆ ಮಾತು ನಿಂತಿತು. ರುಬ್ಬುವುದು ಮಾತ್ರ ನಿಲ್ಲಲಿಲ್ಲ. ದಿನಾ ಮಧ್ಯಾಹ್ನ ಊಟವಾದ ಮೇಲೆ ಗೋಡೆಯ ಆ ಕಡೆ ಈ ಕಡೆ ಕೂರುವರು. ಹೊನ್ನಾಜಮ್ಮನ ಅಕ್ಕಿ ಉದ್ದು ಒರಳಿಗೆ ಬಿದ್ದಾಗ ಅವಳು ಗುಂಡು ತಿರುಗಿಸುವುದು, ಆ ಕಡೆಯಿಂದ ನೀಲಾಂಬಿಕೆಯ ಕೈ ಹಿಟ್ಟು ತಳ್ಳುವುದು. ನೀಲಾಂಬಿಕೆಯದು ಬಿದ್ದಾಗ ಅದಲುಬದಲು. ಕಿಂಡಿಯಲ್ಲಿ ಮುಖ ಕಾಣುವುದಿಲ್ಲ, ಕೈ ಮಾತ್ರ ಕಾಣುತ್ತದೆ. ಹನ್ನೊಂದು ವರ್ಷದಲ್ಲಿ ಒಬ್ಬಳ ಬೆರಳು ಇನ್ನೊಬ್ಬಳ ಗುಂಡಿಗೆ ಒಂದು ದಿನವೂ ಸಿಕ್ಕಿರಲಿಲ್ಲ.

ಆರು ತಿಂಗಳಿಂದ ನೀಲಾಂಬಿಕೆಯ ಕೈ ಹೊನ್ನಾಜಮ್ಮನ ಸರದಿಯಲ್ಲೂ ಗುಂಡು ಕಿತ್ತುಕೊಳ್ಳತೊಡಗಿತ್ತು. ಅರ್ಧ ರುಬ್ಬುವಷ್ಟರಲ್ಲಿ ಆ ಕಡೆಯಿಂದ ಕೈ ಬಂದು ಗಬಕ್ಕನೆ ಗುಂಡಿನ ತಲೆ ಹಿಡಿಯುವುದು, ಆಮೇಲೆ ಬಿಡುವುದೇ ಇಲ್ಲ. ಹೊನ್ನಾಜಮ್ಮ ನಾಲ್ಕು ತಿಂಗಳು ಸಹಿಸಿಕೊಂಡಳು. ಇವತ್ತು ಗುಂಡು, ನಾಳೆ ಕಲ್ಲು ಎಂದುಕೊಂಡು ಹೋಗಿ ದಾವೆ ಹಾಕಿದಳು: ಒರಳು ಹಿರಿ ಸೊಸೆಯದು, ಕಿಂಡಿ ಮುಚ್ಚಿಸಿ ಪೂರಾ ತನಗೆ ಕೊಡಿಸಬೇಕು. ನೀಲಾಂಬಿಕೆಗೂ ಸ್ವಾಭಿಮಾನ ಇಲ್ಲವೇ? ಒರಳು ತನ್ನದೇ ಎಂದು ಅವಳೂ ಬರೆದುಕೊಟ್ಟಳು. ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮನಸ್ಸು. ಪಟ್ಟಿ ಕೈಗೆ ಬಂದಾಗ ಇಬ್ಬರೂ ಮೊದಲು ಹೊಡೆದು ಹಾಕಿದ್ದು ನನ್ನ ಹೆಸರು.

ಟೇಪು, ಗಡಿಯಾರ, ನೋಟುಬುಕ್ಕು ತೆಗೆದುಕೊಂಡು ಹೋದೆ. ಮೊದಲ ದಿನ ಹೊನ್ನಾಜಮ್ಮ ಬಾಗಿಲಲ್ಲೇ ಮುಖ ಸಿಂಡರಿಸಿದಳು. “ಒಳಗ್ ಬನ್ನಿ ಅನ್ನಲ್ಲ. ಬರೋದು ನಿಮ್ಮ ಹಕ್ಕು, ಬಂದುಬಿಡಿ,” ಎಂದಳು. ಕೂರುವುದಕ್ಕೆ ಮಣೆ ಕೊಡಲಿಲ್ಲ. ನಾನು ನಿಂತುಕೊಂಡೇ ಅಳೆದೆ. ಅಳತೆಯಲ್ಲಿ ಏನೂ ಸಿಗಲಿಲ್ಲ. ಗೋಡೆ ಒರಳನ್ನು ಕರಾರುವಾಕ್ಕಾಗಿ ಸಮಪಾಲು ಮಾಡಿತ್ತು. ಹಾಗಾದರೆ ನೋಡಬೇಕಾದದ್ದು ರುಬ್ಬುವುದನ್ನೇ ಎಂದುಕೊಂಡು ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಹೋದೆ. ಒರಳಿನ ಪಕ್ಕದಲ್ಲಿ ನೆನೆಸಿದ ಅಕ್ಕಿ, ನೆನೆಸಿದ ಉದ್ದು, ಇನ್ನೊಂದು ಬಟ್ಟಲಲ್ಲಿ ಹಿಂದಿನ ದಿನ ಉಳಿದ ಆರು ಇಡ್ಲಿ. ಹೊನ್ನಾಜಮ್ಮ ಆ ಇಡ್ಲಿಗಳನ್ನು ಪುಡಿ ಮಾಡಿ ಒರಳಿಗೆ ಹಾಕಿದಳು. ನಾನು ನೋಡಿದ್ದನ್ನು ನೋಡಿ ಅವಳ ಮುಖ ಕಪ್ಪಿಟ್ಟಿತು. “ನಮ್ಮತ್ತೆ ಹೇಳ್ಕೊಟ್ಟಿದ್ದು. ಇದು ಬಿದ್ರೇನೇ ಇಡ್ಲಿ ಹತ್ತಿ ಥರ ಆಗೋದು. ಆ ಕಡೆಯೋಳೂ ಹಾಕ್ತಾಳೆ. ಮನೆ ಗುಟ್ಟು, ಸಿಸ್ಟರಮ್ಮ, ಹೊರಗ್ ಬಿಡಬೇಡಿ.” ಕಲ್ಲಿನ ಜಗಳಕ್ಕೂ ಹಳೆ ಇಡ್ಲಿಗೂ ಸಂಬಂಧವಿಲ್ಲ, ಬರೆಯುವುದಿಲ್ಲ ಎಂದೆ. ಅವಳು ಎದ್ದು ಹೋಗಿ ಒಂದು ಮಣೆ ತಂದು ಹಾಕಿದಳು.

ಆ ಮಣೆಯ ಮೇಲೆ ಕೂತು ನೋಡಿದೆ. ಹೊನ್ನಾಜಮ್ಮ ಹೇಳಿದ್ದು ನಿಜ. ಕಾಲು ಗಂಟೆಯಾಗುವಷ್ಟರಲ್ಲಿ ಕಿಂಡಿಯಿಂದ ಒಂದು ಕೈ ಬಂದು ಗುಂಡು ಕಿತ್ತುಕೊಂಡಿತು. “ನೋಡಿದ್ರಾ? ಬರ್ಕೊಳ್ಳಿ,” ಎಂದಳು. ಬರೆದುಕೊಂಡೆ. ಬರೆದುಕೊಳ್ಳುವಾಗ ಅವಳು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡದ್ದು ಕಂಡಿತು. ಮೂವತ್ತನಾಲ್ಕು ವರ್ಷ ಕೈ ಹಿಡಿದವಳ ಮುಂದೆ ಕೈ ಮುಚ್ಚಿಕೊಂಡರೆ ಆಗುತ್ತದೆಯೇ? “ತೆಗಿ ಹೊರಗೆ,” ಎಂದೆ. ಬೆರಳಿನ ಗೆಣ್ಣುಗಳು ಶುಂಠಿ ಬೇರಿನ ಹಾಗೆ ಊದಿದ್ದವು. “ಎಷ್ಟು ದಿನದಿಂದ?” “ವರ್ಷ ಆಯ್ತು. ಯಾರಿಗೂ ಹೇಳಿಲ್ಲ. ಕೈ ಹೋಯ್ತು ಅಂದ್ರೆ ವ್ಯಾಪಾರ ಹೋದ ಹಾಗೆ ಅಲ್ವಾ.” ಬಿಸಿನೀರಿಗೆ ಉಪ್ಪು ಹಾಕಿ ಬೆಳಿಗ್ಗೆ ಸಂಜೆ ಕೈ ಅದ್ದಿಟ್ಟುಕೋ, ಡಾಕ್ಟರಿಗೆ ತೋರಿಸು, ನಾಚಿಕೆ ಪಟ್ಟುಕೊಂಡು ಕೂತರೆ ಕೈ ಮುರುಟುತ್ತದೆ ಎಂದು ನನ್ನ ಮಾಮೂಲಿ ದನಿಯಲ್ಲೇ ಗದರಿದೆ.

ಮೂರನೆಯ ದಿನ ಹಿಂದಿನ ಬೀದಿಯಿಂದ ಹೋಗಿ ನೀಲಾಂಬಿಕೆಯ ಕಡೆ ಕೂತೆ. ಅವಳು ನನ್ನನ್ನು ನೋಡಿದವಳೇ ಗೋಡೆಯ ಕಡೆ ತಿರುಗಿಕೊಂಡಳು. ಇವಳ ಮೂರು ಮಕ್ಕಳಿಗೂ ನಾನು ಚುಚ್ಚಿದ್ದೇನೆ, ಒಂದಕ್ಕೆ ಎರಡೆರಡು ಸಲ. ನಾನು ಕೂತ ಕಡೆಯಿಂದ ಕಿಂಡಿಯಲ್ಲಿ ಹೊನ್ನಾಜಮ್ಮನ ಕೈ ಮಾತ್ರ ಕಾಣುತ್ತಿತ್ತು, ಗುಂಡು ಹಿಡಿದು ಸುತ್ತುವ ಆ ಊದಿದ ಗೆಣ್ಣುಗಳು. ನೀಲಾಂಬಿಕೆ ಹಿಟ್ಟು ತಳ್ಳುತ್ತಿದ್ದಳು, ಕಣ್ಣು ಹಿಟ್ಟಿನ ಮೇಲಿರಲಿಲ್ಲ. ಕಿಂಡಿಯ ಆ ಕೈ ಒಂದು ಸುತ್ತಿನಲ್ಲಿ ಸ್ವಲ್ಪ ನಡುಗಿತು. ತಕ್ಷಣ ಇವಳ ಕೈ ಹೋಗಿ ಗುಂಡು ಕಿತ್ತುಕೊಂಡಿತು. “ಯಾಕೆ ಕಿತ್ಕೊಂಡೆ?” ಎಂದೆ. “ನಂಗೆ ಅವಸರ. ನಂದೂ ರುಬ್ಬಬೇಕಲ್ಲ,” ಎಂದಳು. ಗಡಿಯಾರ ನೋಡಿದೆ. ಅವಸರ ಇದ್ದವಳು ಇನ್ನೊಬ್ಬರ ಹಿಟ್ಟನ್ನು ಅಷ್ಟು ನಿಧಾನವಾಗಿ, ಅಷ್ಟು ನುಣ್ಣಗೆ ರುಬ್ಬುವುದಿಲ್ಲ. ಹೊನ್ನಾಜಮ್ಮನ ಹಿಟ್ಟಿಗೆ ಮುಕ್ಕಾಲು ಗಂಟೆ ಹಿಡಿಯಿತು. ತನ್ನದನ್ನು ಅರ್ಧ ಗಂಟೆಯಲ್ಲಿ ತರಿತರಿಯಾಗಿಯೇ ಎತ್ತಿಬಿಟ್ಟಳು. “ಆ ಕೈ ಕಂಡು ತಾನೇ ಕಿತ್ಕೊಳ್ಳೋದು ನೀನು?” ಎಂದು ಕೇಳಿದೆ. ಅವಳು ಒರಳಿನ ಅಂಚಿಗೆ ಅಂಟಿದ್ದ ಹಿಟ್ಟನ್ನು ಬೆರಳಿನಿಂದ ಬಳಿದಳು. ಆಮೇಲೆ, “ಮಾತಾಡದೆ ಇರೋರಿಗೆ ಏನಂತ ಹೇಳೋದು, ಸಿಸ್ಟರಮ್ಮ?” ಎಂದಳು.

ಕಮಿಷನರಾದವರು ಕಂಡದ್ದನ್ನು ವರದಿ ಓದುವ ತನಕ ಯಾವ ಕಕ್ಷಿಗೂ ಹೇಳಕೂಡದು. ಇಲ್ಲದಿದ್ದರೆ ಆಗಲೇ ಗೋಡೆ ಗುದ್ದಿ ಹೇಳಿಬಿಡುತ್ತಿದ್ದೆ. ಬಾಯಿಗೆ ಬೀಗ ಹಾಕಿಕೊಂಡು ಇನ್ನೆರಡು ದಿನ ಎರಡೂ ಕಡೆ ಕೂತು ನೋಡಿದೆ. ಆ ಎರಡು ದಿನದಲ್ಲಿ ಎಡವಟ್ಟಾಯಿತು. ಹೊನ್ನಾಜಮ್ಮನ ಕೈ ಊತ ಸ್ವಲ್ಪ ಇಳಿದಿತ್ತು. ಕಮಿಷನರು ಕಕ್ಷಿದಾರರ ಮನೆಯಲ್ಲಿ ನೀರು ಕೂಡ ಮುಟ್ಟುವ ಹಾಗಿಲ್ಲ. ಅವಳು ಸಂಜೆ ವ್ಯಾಪಾರದ ಮೊದಲ ಒಬ್ಬೆ ಇಳಿಸಿ ಮುಚ್ಚಳ ತೆಗೆದು ಪಾತ್ರೆಯನ್ನು ನನ್ನ ಕಡೆ ತಿರುಗಿಸಿದಳು. “ತಿನ್ನೋ ಹಾಗಿಲ್ಲ ಅಂತ ಗೊತ್ತು. ವಾಸನೇನಾದ್ರೂ ತಗೊಳ್ಳಿ. ಕೇಸ್ ಮುಗೀಲಿ, ಬಂದು ಹೊಟ್ಟೆ ತುಂಬ ತಿನ್ನೋರಂತೆ.” ಹಿಂದಿನ ಬೀದಿಯವಳೂ ಕಡಿಮೆಯಿರಲಿಲ್ಲ. “ಒಬ್ಬರೇ ಇರೋದಲ್ವಾ ನೀವು? ಸಂಜೆ ಹೊತ್ತು ಬಂದು ಕೂತ್ಕೊಳ್ಳಿ,” ಎಂದಳು. ರಿಟೈರಾದ ಮೇಲೆ ಒಂದು ಮನೆಯೊಳಗೆ ಕೂತುಕೊಳ್ಳಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಹಿತವಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಹಿತವಾಯಿತು. ಹದಿನೇಳು ಸಲ ಕಮಿಷನರಾದವಳಿಗೆ ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬ ಬುದ್ಧಿ ಅವತ್ತು ಬರಲಿಲ್ಲ.

ವರದಿಯ ದಿನ ಕೋರ್ಟು ತುಂಬಿತ್ತು. ಎರಡೂ ಬೀದಿಯ ಗಿರಾಕಿಗಳು ಬಂದಿದ್ದರು. ಒರಳು ಉಗ್ರಾಣಕ್ಕೆ ಹೋದರೆ ಬೆಳಗಿನ ತಿಂಡಿಗೆ ಎಲ್ಲರೂ ಬಾಯಿ ಬಾಯಿ ಬಿಡಬೇಕಲ್ಲ. ಅಶ್ವತ್ಥಯ್ಯನವರು ಕನ್ನಡಕ ಏರಿಸಿಕೊಂಡು ವರದಿ ಓದಿದರು. ಪ್ರತಿವಾದಿಯು ಗುಂಡು ಕಿತ್ತುಕೊಳ್ಳುವುದು ನಿಜ. ವಾದಿಯ ಕೈ ನಡುಗಿದಾಗ ಮಾತ್ರ ಕಿತ್ತುಕೊಳ್ಳುತ್ತಾರೆ. ವಾದಿಯ ಗೆಣ್ಣುಗಳು ಊದಿವೆ. ಪ್ರತಿವಾದಿಯು ವಾದಿಯ ಹಿಟ್ಟನ್ನು ತನ್ನ ಹಿಟ್ಟಿಗಿಂತ ನುಣ್ಣಗೆ ರುಬ್ಬುತ್ತಾರೆ. ಒರಳು ಇಬ್ಬರದೂ ಆಗಿದ್ದು ಇದ್ದಲ್ಲೇ ಇರತಕ್ಕದ್ದು, ಕಿಂಡಿಯನ್ನು ಮುಚ್ಚತಕ್ಕದ್ದಲ್ಲ.

ಹೊನ್ನಾಜಮ್ಮ ಕಟಕಟೆಯ ಕಂಬ ಹಿಡಿದುಕೊಂಡು ಆ ಕಡೆಯ ಕಟಕಟೆಯಲ್ಲಿದ್ದ ನೀಲಾಂಬಿಕೆಯನ್ನು ನೋಡಿದಳು. ಹನ್ನೊಂದು ವರ್ಷದ ಮೇಲೆ ನೆಟ್ಟಗೆ ಮುಖ ನೋಡಿದ್ದು. ಕಣ್ಣಲ್ಲಿ ನೀರು ಬಂತು. ನೀಲಾಂಬಿಕೆ ತಲೆ ತಗ್ಗಿಸಿ ಸೆರಗಿನ ತುದಿ ಹಿಂಡುತ್ತಿದ್ದಳು. ಅಷ್ಟರಲ್ಲಿ ಅಶ್ವತ್ಥಯ್ಯನವರು ಕಂಡರಾಗದ ಪತ್ರ ಮುಂದಿಟ್ಟು ಪೆನ್ನು ಚಾಚಿದರು. “ಪ್ರಮಾಣ ಮಾಡಿ ಹೇಳಮ್ಮ. ನಿಂಗೆ ಈ ಸಿಸ್ಟರನ್ನ ಕಂಡ್ರೆ ಆಗಲ್ಲ, ತಾನೇ?”

ಹೊನ್ನಾಜಮ್ಮ ಪೆನ್ನು ಮುಟ್ಟಲಿಲ್ಲ. “ಅದು ಹೆಂಗೆ ಹೇಳ್ಲಿ, ಸ್ವಾಮಿ? ನನ್ನ ಕೈ ವಾಸಿ ಮಾಡಿದೋರು. ಇವಳ ಮನಸ್ಸು ನಂಗೆ ತೋರಿಸಿದೋರು. ಪ್ರಮಾಣ ಮಾಡಿ ಸುಳ್ಳು ಹೇಳಕ್ಕಾಗಲ್ಲ.”

ನಾನು ಸಹಿ ಹಾಕು ಎಂದು ಅವಳಿಗೆ ಕಣ್ಣು ಮಿಟುಕಿಸಿದೆ. “ಸಿಸ್ಟರಮ್ಮನ ಕಣ್ಣಿಗೇನೋ ಬಿದ್ದಿದೆ, ಯಾರಾದ್ರೂ ನೋಡಿ,” ಎಂದಳು ಆ ಮಹಾತಾಯಿ. ಮುನ್ಸೀಫರು ನೀಲಾಂಬಿಕೆಯನ್ನು ಕೇಳಿದರು. ಅವಳೂ ಮೂಗು ಒರೆಸಿಕೊಳ್ಳುತ್ತ, “ನಂಗೂ ಆಗಲ್ಲ ಅನ್ನಕ್ಕಾಗಲ್ಲ, ಸ್ವಾಮಿ,” ಎಂದಳು. ಮುನ್ಸೀಫರು ಕೆಟ್ಟವರಲ್ಲ, ಆದರೆ ಪದ್ಧತಿ ಪದ್ಧತಿಯೇ. ಉಗ್ರಾಣದ ಬೀಗದ ಕೈ ತರಿಸಿ ಮೇಜಿನ ಮೇಲೆ ಇಟ್ಟುಕೊಂಡರು. “ಇನ್ನೊಂದು ಸಲ ಕೇಳ್ತೀನಿ, ಆಮೇಲೆ ಒರಳು ಕೀಳಿಸಬೇಕಾಗುತ್ತೆ. ಕಮಿಷನರಿಗೆ ಏನಾದ್ರೂ ಹೇಳೋದಿದೆಯಾ?”

ಇದೆ ಎಂದು ಎದ್ದು ನಿಂತೆ. ಹೊನ್ನಾಜಮ್ಮನ ಕಡೆ ತಿರುಗಿ, ನಿನ್ನ ಇಡ್ಲಿ ಎಸೆದರೆ ನಾಯಿ ಸಾಯುತ್ತದೆ ಎಂದೆ. ನೀಲಾಂಬಿಕೆಗೆ, ನಿನ್ನ ಚಟ್ನಿ ಗೋಡೆಗೆ ಬಳಿಯುವುದಕ್ಕೆ ಲಾಯಕ್ಕು ಎಂದೆ. ಇಬ್ಬರೂ ನಕ್ಕರು. “ಅವರ ಬಾಯಿ ಹಂಗೇ, ಸ್ವಾಮಿ. ಮನಸ್ಸು ಬೆಣ್ಣೆ,” ಎಂದು ಹೊನ್ನಾಜಮ್ಮ ಮುನ್ಸೀಫರಿಗೆ ಸಮಾಧಾನ ಹೇಳಿದಳು. ಮುನ್ಸೀಫರ ಕೈ ಬೀಗದ ಕೈಯ ಮೇಲೆ ಹೋಯಿತು. ಆ ಕಲ್ಲು ಕಿತ್ತರೆ ಅದು ಎರಡು ಹೋಳಾಗುವುದು ಗ್ಯಾರಂಟಿ. ಹೋಳಾಗದಿದ್ದರೂ ಉಗ್ರಾಣದಲ್ಲಿ ಅರ್ಧ ಗಾಡಿಯ ಪಕ್ಕದಲ್ಲಿ ಬಿದ್ದಿರುತ್ತದೆ. ಕಿಂಡಿ ಮುಚ್ಚುತ್ತಾರೆ, ಕೈಯೂ ಕಾಣುವುದಿಲ್ಲ. ನನ್ನ ಹತ್ತಿರ ಇನ್ನು ಒಂದೇ ಮದ್ದು ಉಳಿದಿತ್ತು. ಬೇಡಪ್ಪ ಬೇಡ ಎಂದು ಒಳಗೆ ಒಂದು ಸಲ ಅಂದುಕೊಂಡೆ. ಸೂಜಿ ಹಿಡಿದು ನಿಂತಾಗ ಹಾಗೆ ಅಂದುಕೊಳ್ಳುವುದು ನನಗೆ ಹೊಸದೇನಲ್ಲ.

“ಸ್ವಾಮಿ, ವರದಿಯಲ್ಲಿ ಒಂದು ಮಾತು ಬಿಟ್ಟಿದೀನಿ,” ಎಂದೆ. “ಈ ಇಬ್ಬರೂ ನಿನ್ನೆ ಮಿಕ್ಕ ಇಡ್ಲೀನ ಪುಡಿ ಮಾಡಿ ಇವತ್ತಿನ ಹಿಟ್ಟಿಗೆ ಹಾಕಿ ರುಬ್ಬುತಾರೆ. ದಿನಾ. ನಿನ್ನೇದರಲ್ಲಿ ಮೊನ್ನೇದು, ಮೊನ್ನೇದರಲ್ಲಿ ಆಚೆ ಮೊನ್ನೇದು. ಲೆಕ್ಕ ಹಾಕಿದ್ರೆ ಇವರತ್ತೆ ಬದುಕಿದ್ದಾಗ ಬೇಯಿಸಿದ ಇಡ್ಲೀನ ಈ ಊರು ಇನ್ನೂ ತಿಂತಾ ಇದೆ.”

ಅಶ್ವತ್ಥಯ್ಯನವರು ಬೆಳಿಗ್ಗೆ ಎಂಟು ಇಡ್ಲಿ ತಿಂದು ಬಂದವರು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. ಹೊನ್ನಾಜಮ್ಮನ ಮುಖದಲ್ಲಿ ನಗು ಇಳಿದು ಹೋದದ್ದನ್ನು ನಾನು ಪೂರಾ ನೋಡಿದೆ, ಕಣ್ಣು ತಪ್ಪಿಸಲಿಲ್ಲ. ಅವಳು ತಿರುಗಿದ್ದು ನನ್ನ ಕಡೆಗಲ್ಲ, ನೀಲಾಂಬಿಕೆಯ ಕಡೆಗೆ. “ಕೇಳಿದೆಯೇನೇ ಇವಳು ಹೇಳಿದ್ದು?” “ಕೇಳ್ದೆ ಅಕ್ಕಾ. ನಮ್ಮನೇಲೇ ಕೂತು ನೋಡಿ ಇಲ್ಲಿ ಬಂದು ಹೇಳ್ತಾಳಲ್ಲ.” “ಹೇಳಬೇಡಿ ಅಂತ ಕೈ ಮುಗಿದಿದ್ದೆ ಕಣೇ.” “ಅಂಥೋಳಿಗೆ ಮಣೆ ಹಾಕಿದೀವಲ್ಲ ಅಕ್ಕಾ, ನಮಗೆ ಬುದ್ಧಿ ಇಲ್ಲ.” ಹನ್ನೊಂದು ವರ್ಷದ ಮೇಲೆ ಇಬ್ಬರೂ ಮೊದಲ ಸಲ ಆಡಿದ ಮಾತುಗಳು ಇವು. ಆಮೇಲೆ ಇಬ್ಬರೂ ಸೇರಿ ನನಗೆ ಅಂದದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. ಮುನ್ಸೀಫರು ಮೇಜು ಕುಟ್ಟಿ ಕೊನೆಯ ಸಲ ಕೇಳಿದರು. ಹೊನ್ನಾಜಮ್ಮ ಆ ಊದಿದ ಬೆರಳಲ್ಲಿ ಪೆನ್ನನ್ನು ಎಷ್ಟು ಒತ್ತಿದಳೆಂದರೆ ಸಹಿ ಕೆಳಗಿನ ಹಾಳೆಗೂ ಇಳಿಯಿತು. ನೀಲಾಂಬಿಕೆ ಸಾಲದು ಎಂದು ಎರಡು ಸಲ ಹಾಕಿದಳು. ವರದಿ ಮಂಜೂರಾಯಿತು. ಬೀಗದ ಕೈ ವಾಪಸು ಗೂಟಕ್ಕೆ ಹೋಯಿತು.

ಆಮೇಲಾದರೂ ಅವರಿಗೆ ಅರ್ಥವಾಯಿತು, ಕಣ್ಣೀರು ಹಾಕಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದರು ಎಂದು ಯಾರಾದರೂ ತಿಳಿದುಕೊಂಡಿದ್ದರೆ ಅವರಿಗೆ ನಮ್ಮೂರು ಗೊತ್ತಿಲ್ಲ. ಯಾರೂ ಬರಲಿಲ್ಲ. ಊರಿನವರು ನಾಲ್ಕು ದಿನ ಮೂಗು ಮುರಿದು ಐದನೆಯ ದಿನ ಮತ್ತೆ ಸಾಲಿನಲ್ಲಿ ನಿಂತರು, ಬೈದುಕೊಂಡೇ ತಿಂದರು. ನನಗೆ ಮಾತ್ರ ಎರಡೂ ಬೀದಿಯಲ್ಲಿ ಇಡ್ಲಿ ಇಲ್ಲ. ಮೊದಲಾದರೆ ಎಲೆಯಲ್ಲಿ ಕಟ್ಟಿ ದೂರದಿಂದಲೇ ಚಾಚುತ್ತಿದ್ದರು, ಈಗ ಅದೂ ನಿಂತಿತು. ಬೆಳಗಿನ ತಿಂಡಿಗೆ ನಾನೇ ಉಪ್ಪಿಟ್ಟು ಮಾಡಿಕೊಳ್ಳುತ್ತೇನೆ. ಚೆನ್ನಾಗಿರುವುದಿಲ್ಲ.

ಆದರೂ ಮಧ್ಯಾಹ್ನ ಊಟವಾದ ಮೇಲೆ ಮುಂದಿನ ಬೀದಿಯಿಂದ ಒಂದು ಸುತ್ತು ಹೋಗಿ ಬರುತ್ತೇನೆ. ಅಡುಗೆಮನೆಯ ಕಿಟಕಿ ಬೀದಿಗೇ ಇದೆ. ಒಳಗೆ ಗುಂಡು ಸುತ್ತುವ ಸದ್ದು ಕೇಳುತ್ತದೆ. “ಬಂದ್ಳು ನೋಡೇ,” ಎಂದು ಹೊನ್ನಾಜಮ್ಮ ಕಿಂಡಿಗೆ ಹೇಳುತ್ತಾಳೆ. “ಇವತ್ತೂ ಬಂದ್ಳಾ? ನಾಚಿಕೆ ಅನ್ನೋದೇ ಇಲ್ವಲ್ಲ ಅಕ್ಕಾ,” ಎಂದು ಗೋಡೆಯ ಆ ಕಡೆಯಿಂದ ನೀಲಾಂಬಿಕೆ. ಅಲ್ಲಿಂದ ಶುರುವಾದರೆ ನನ್ನ ಸೂಜಿ, ನನ್ನ ಬಾಯಿ, ನನ್ನ ಹುಟ್ಟು, ಎಲ್ಲ ಆಗಿ ನೀಲಾಂಬಿಕೆಯ ಮಗಳ ಪರೀಕ್ಷೆ, ಹೊನ್ನಾಜಮ್ಮನ ಕೈಗೆ ಡಾಕ್ಟರು ಕೊಟ್ಟ ಎಣ್ಣೆ, ಹೀಗೆ ಎಲ್ಲಿಂದೆಲ್ಲಿಗೋ ಮಾತು ಹೋಗುತ್ತದೆ. ಒಂದು ವಾರ ನನಗೆ ಜ್ವರ ಬಂದು ಆ ಕಡೆ ಹೋಗಲಾಗಲಿಲ್ಲ. ಎಂಟನೆಯ ದಿನ ಹೋದಾಗ ಒಳಗೆ ಗುಂಡಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ನಾನು ಕಿಟಕಿಯ ಎದುರು ನಿಂತು ಜೋರಾಗಿ ಕೆಮ್ಮಿದೆ.

“ಸತ್ತಿಲ್ಲ ಕಣೇ ನೀಲಾ,” ಎಂದಳು ಹೊನ್ನಾಜಮ್ಮ.

ಅದಾದ ಮೇಲೆ ಒಂದು ದಿನವೂ ತಪ್ಪಿಸಿಲ್ಲ.